ಹಳೆಯ ಪೋರ್ಷೆ 911 ಕೊಳ್ಳುವ ಮುನ್ನ: ಮರುಮಾರಾಟದ ಲೆಕ್ಕ ಮತ್ತು ತಪಾಸಣೆಯ ಕ್ರಮ

ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಂಜಿನ್ನಿನ ಅಶ್ವಶಕ್ತಿ, ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಹಿಡಿಯುವ ಸೆಕೆಂಡುಗಳು, ಸೈಲೆನ್ಸರಿನ ಸದ್ದು ಇವುಗಳಿಂದ ವಿಚಾರ ಆರಂಭಿಸುತ್ತಾರೆ. ಅದೇ ಕಾರನ್ನು ನಾಲ್ಕೈದು ವರ್ಷಗಳ ಬಳಿಕ ಮಾರಲು ನಿಂತಾಗ ಎದುರಿಗೆ ಬಂದು ಕುಳಿತ ಗಿರಾಕಿ ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ನೀವು ಎಷ್ಟನೆಯ ಮಾಲೀಕರು, ನೋಂದಣಿ ಯಾವ ರಾಜ್ಯದ್ದು, ಸರ್ವಿಸ್ ಎಲ್ಲೆಲ್ಲಿ ಆಗಿದೆ, ಬಣ್ಣ ಕಂಪನಿಯದೋ ಆಮೇಲೆ ಹೊಡೆಸಿದ್ದೋ, ಎರಡನೆಯ ಕೀ ಇದೆಯೋ ಎಂದು ಆತ ಕೇಳುತ್ತಾನೆ. ಕೊಳ್ಳುವ ದಿನವೇ ಆ ಮುಂದಿನ ಗಿರಾಕಿಯ ಜಾಗದಲ್ಲಿ ಕುಳಿತು ಕಾರನ್ನು ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗೆ ಪೋರ್ಷೆ 911 ಅನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ: ಈ ಕಾರಿನ ಒಂದೊಂದು ಪೀಳಿಗೆಯ ಗುಣದೋಷಗಳೂ ಅದರ ಹಳೆಯ ಬೆಲೆಯಲ್ಲಿ ನೇರವಾಗಿ ಕಾಣುತ್ತವೆ, ಹಾಗಾಗಿ ಇದನ್ನು ಓದಲು ಕಲಿತವರಿಗೆ ಉಳಿದ ಸ್ಪೋರ್ಟ್ಸ್ ಕಾರುಗಳ ಬೆಲೆಯೂ ಅರ್ಥವಾಗತೊಡಗುತ್ತದೆ.

ಪೀಳಿಗೆ ಮತ್ತು ಎಂಜಿನ್

1963ರಲ್ಲಿ ಫ್ರಾಂಕ್‌ಫರ್ಟ್ ವಾಹನ ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಮೇಲೆ ತನಗೆ ಹಕ್ಕಿದೆಯೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ಆದರೆ ಹಳೆಯ ಕಾರಿನ ವ್ಯಾಪಾರದಲ್ಲಿ ಯಾರೂ ಬರಿಯ 911 ಎಂದು ಮಾತನಾಡುವುದಿಲ್ಲ. 993, 996, 997, 991 ಎಂಬ ಕಂಪನಿಯ ಒಳಸಂಖ್ಯೆಗಳೇ ಅಲ್ಲಿನ ಭಾಷೆ. 993ರ ತಯಾರಿಕೆ 1998ರಲ್ಲಿ ನಿಂತಿತು. ಗಾಳಿಯಿಂದ ತಂಪಾಗುವ ಎಂಜಿನ್ನಿನ ಕೊನೆಯ 911 ಅದು, ಅದರ ಬೆಲೆ ಇಂದು ಜನಸಾಮಾನ್ಯರ ಮಾತಿರಲಿ, ಸಾಮಾನ್ಯ ಶ್ರೀಮಂತರ ಕೈಗೂ ಎಟುಕುವಂತಿಲ್ಲ. ಅದರ ಬೆನ್ನಿಗೆ ಬಂದ 996 ನೀರಿನಿಂದ ತಂಪಾಗುವ ಎಂಜಿನ್ ತಂದಿತು, ಹೆಡ್‌ಲೈಟುಗಳನ್ನು ಪೋರ್ಷೆಯದೇ ಅಗ್ಗದ ಕಾರಾದ ಬಾಕ್ಸ್‌ಸ್ಟರ್‌ನೊಂದಿಗೆ ಹಂಚಿಕೊಂಡಿತು, ಅಭಿಮಾನಿಗಳ ಮುನಿಸಿಗೂ ಗುರಿಯಾಯಿತು. ವಿದೇಶದ ಮಾರುಕಟ್ಟೆಗಳಲ್ಲಿ ಬಹುಕಾಲ ಅತಿ ಕಡಿಮೆ ಬೆಲೆಗೆ ಸಿಗುತ್ತಿದ್ದ 911 ಅದೇ.

ಮುನಿಸಿಗೆ ಹೆಡ್‌ಲೈಟಿಗಿಂತ ದೊಡ್ಡ ಕಾರಣವೊಂದು ಎಂಜಿನ್ನಿನ ಒಳಗಿತ್ತು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ತಿರುಗುವಿಕೆಯನ್ನು, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಮುಟ್ಟಿಸಲು ನಡುವೆ ಒಂದು ಮಧ್ಯಂತರ ಶಾಫ್ಟ್ ಇದೆ. ಅದರ ಒಂದು ತುದಿಯ ಬೇರಿಂಗ್ ಗ್ರೀಸ್ ತುಂಬಿ ಮುಚ್ಚಿದ ಜಾತಿಯದು. ವರ್ಷಗಳು ಕಳೆದಂತೆ ಎಂಜಿನ್ ಆಯಿಲ್ ಒಳಗೆ ನುಸುಳಿ ಗ್ರೀಸನ್ನು ತೊಳೆದುಹಾಕುತ್ತದೆ, ಬೇರಿಂಗ್ ಒಣಗಿ ಸವೆಯುತ್ತದೆ, ಕೊನೆಗೊಂದು ದಿನ ಅದು ಒಡೆದರೆ ವಾಲ್ವುಗಳ ಲಯ ತಪ್ಪಿ ಅವು ಪಿಸ್ಟನ್ನಿಗೆ ಬಡಿದು ಇಡೀ ಎಂಜಿನ್ ಹಾಳಾಗುತ್ತದೆ. ಎಲ್ಲ 996 ಕಾರುಗಳಿಗೂ ಹೀಗೆ ಆಗುವುದಿಲ್ಲ, ಬಹುಪಾಲು ಕಾರುಗಳಿಗೆ ಆಗಿಯೂ ಇಲ್ಲ. ಆದರೆ ಆಗಬಹುದೆಂಬ ಭಯವೇ ಬೆಲೆಯನ್ನು ಕೆಳಗೆ ಎಳೆದಿದೆ. ಬೇರಿಂಗನ್ನು ಈಗಾಗಲೇ ಬದಲಾಯಿಸಿದ ಬಿಲ್ ಇರುವ ಕಾರಿಗೂ ಇಲ್ಲದ ಕಾರಿಗೂ ಬೆಲೆಯಲ್ಲಿ ಅಂತರ ಬೀಳುವುದು ಇದರಿಂದಲೇ. 997ರ ಮೊದಲ ಹಂತದ ಎಂಜಿನ್ನಿಗೆ ಮುಂದೆ ದೊಡ್ಡ ಬೇರಿಂಗ್ ಬಂದು ಅಪಾಯ ಬಹಳ ತಗ್ಗಿತು, ಆದರೆ ಅದನ್ನು ಎಂಜಿನ್ ಪೂರ್ತಿ ಬಿಚ್ಚದೆ ಹೊರತೆಗೆಯಲು ಬರುವುದಿಲ್ಲ. 2008ರಲ್ಲಿ 997ರ ಎರಡನೆಯ ಹಂತ ಬಂದಾಗ ಎಂಜಿನ್ನನ್ನೇ ಹೊಸದಾಗಿ ರೂಪಿಸಿ ಆ ಶಾಫ್ಟನ್ನೇ ಕಿತ್ತುಹಾಕಲಾಯಿತು; ತಾನೇ ಗೇರು ಬದಲಿಸುವ, ಎರಡು ಕ್ಲಚ್ಚುಗಳ ಪಿಡಿಕೆ ಗೇರ್‌ಬಾಕ್ಸ್ ಬಂದದ್ದೂ ಆಗಲೇ. ಹೊರಗಿನಿಂದ ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಈ ಎರಡು ಹಂತಗಳ 997 ಕಾರುಗಳಲ್ಲಿ ಆಯ್ಕೆಯಿದ್ದರೆ, ಬೆಲೆ ಹೆಚ್ಚಾದರೂ ಎರಡನೆಯ ಹಂತದ ಕಾರನ್ನೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೊಳ್ಳುವಾಗ ಹೆಚ್ಚಿಗೆ ಕೊಟ್ಟ ಹಣ ಮಾರುವಾಗ ಬಹುಪಾಲು ಹಿಂದಿರುಗುತ್ತದೆ. 996 ಟರ್ಬೊ, ಹಾಗೂ 996 ಮತ್ತು 997ರಲ್ಲಿ ರೇಸಿಗೆ ಹತ್ತಿರವಾಗುವಂತೆ ರೂಪಿಸಿದ ಜಿಟಿ3 ಮಾದರಿಗಳಿಗೆ ಮೊದಲಿನಿಂದಲೂ ಬೇರೆಯೇ ಎಂಜಿನ್. ಹ್ಯಾನ್ಸ್ ಮೆಟ್ಸ್‌ಗರ್ ಎಂಬ ಎಂಜಿನಿಯರರ ಹೆಸರಿನಿಂದಲೇ ಗುರುತಿಸಲಾಗುವ ಆ ರೇಸಿಂಗ್ ಮೂಲದ ಎಂಜಿನ್ನಿಗೆ ಬೇರಿಂಗಿನ ಈ ರೋಗವಿಲ್ಲ.

2011ರಲ್ಲಿ ಬಂದ 991ರ ಕಥೆಯಲ್ಲಿ ಬೆಲೆಯ ಪಾಠ ಇನ್ನೂ ಸ್ವಾರಸ್ಯವಾಗಿದೆ. 2013ರ 991 ಜಿಟಿ3 ಕಾರನ್ನು ಮ್ಯಾನುಯಲ್ ಗೇರಿನಲ್ಲಿ ಕಂಪನಿ ಕೊಡಲೇ ಇಲ್ಲ, ಪಿಡಿಕೆ ಮಾತ್ರ. ಕೈಯಿಂದ ಗೇರು ಹಾಕುವ ಸುಖ ಬೇಕೆಂದವರು ಗೊಣಗುತ್ತಿರುವಾಗ 2016ರಲ್ಲಿ 911 ಆರ್ ಬಂತು: 500 ಅಶ್ವಶಕ್ತಿಯ ಜಿಟಿ3 ಆರ್‌ಎಸ್ ಎಂಜಿನ್, ಆರು ಗೇರಿನ ಮ್ಯಾನುಯಲ್, ಇಡೀ ಜಗತ್ತಿಗೆ ತಯಾರಿಸಿದ ಒಟ್ಟು ಸಂಖ್ಯೆಯೂ 991 ಮಾತ್ರ. ವಿತರಣೆ ಆರಂಭವಾಗುತ್ತಿದ್ದಂತೆಯೇ ಮಾಲೀಕರು ಅದಕ್ಕೆ ಮೂಲ ಬೆಲೆಯ ಹಲವು ಪಟ್ಟು ಕೇಳತೊಡಗಿದರು, ಕೆಲವರು ಕೊಟ್ಟು ಕೊಂಡರು ಕೂಡ. ಮರುವರ್ಷವೇ ಕಂಪನಿ ಪರಿಷ್ಕೃತ ಜಿಟಿ3ಯಲ್ಲಿ ಮ್ಯಾನುಯಲ್ ಗೇರನ್ನು ಮತ್ತೆ ಕೊಟ್ಟಿತು, ಅದರ ಹಿಂದೆಯೇ ಹಿಂಬದಿಯ ದೊಡ್ಡ ರೆಕ್ಕೆಯಿಲ್ಲದ ಟೂರಿಂಗ್ ಮಾದರಿಯನ್ನೂ ಬಿಟ್ಟಿತು. 911 ಆರ್ ಬೆಲೆ ಇಳಿಯಿತು. ಇಂದಿಗೂ ಅದು ಮೂಲ ಬೆಲೆಗಿಂತ ಮೇಲೆಯೇ ಇರುವುದರಿಂದ ಕಂಪನಿಯಿಂದ ನೇರವಾಗಿ ಕೊಂಡವರಿಗೆ ನಷ್ಟವಾಗಿಲ್ಲ, ಏರಿದ ತುದಿಯಲ್ಲಿ ಕೊಂಡವರಿಗೆ ಆಯಿತು. ಕಾರು ವಿರಳವೆಂದು ಮಾರುವವರು ಹೇಳಿದಾಗ ಆ ವಿರಳತೆಯನ್ನು ಕಂಪನಿಯೇ ನಾಳೆ ಅಳಿಸಿಹಾಕಬಹುದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. 2015ರ ಕೊನೆಯಲ್ಲಿ 911ರ ಸಾಮಾನ್ಯ ಮಾದರಿಗಳಾದ ಕ್ಯಾರೆರಾಗಳಿಗೂ 3 ಲೀಟರಿನ ಟರ್ಬೊ ಎಂಜಿನ್ ಬಂದದ್ದರಿಂದ, ಟರ್ಬೊ ಇಲ್ಲದ ಮೊದಲ ಹಂತದ 991 ಕ್ಯಾರೆರಾದ ವಿರಳತೆ ಮಾತ್ರ ಅಷ್ಟು ಸುಲಭವಾಗಿ ಅಳಿಯುವಂಥದ್ದಲ್ಲ.

ಭಾರತದ ಬೆಲೆಯಲ್ಲಿ ತೆರಿಗೆಯ ಪಾಲು

ವಿದೇಶದ ಬೆಲೆಪಟ್ಟಿಯನ್ನು ನೋಡಿ ಇಲ್ಲಿ ಚೌಕಾಸಿಗೆ ಇಳಿದರೆ ಪ್ರಯೋಜನವಿಲ್ಲ. ಬಳಸಿದ ಕಾರುಗಳ ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧಗಳಿರುವುದರಿಂದ, ಇಲ್ಲಿನ ಹಳೆಯ 911 ಎಂದರೆ ಬಹುಮಟ್ಟಿಗೆ ಇಲ್ಲಿಯೇ ಹೊಸದಾಗಿ ಮಾರಾಟವಾದ 911. ಸಂಪೂರ್ಣ ಸಿದ್ಧವಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿನ ಮೇಲೆ ಆಮದು ಸುಂಕವೇ ಶೇ 100ಕ್ಕಿಂತ ಹೆಚ್ಚಿದ್ದು, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ರಾಜ್ಯದ ರಸ್ತೆ ತೆರಿಗೆ ಕೂಡುತ್ತವೆ. ಹೀಗೆ ಕಟ್ಟಿದ ಹಣದಲ್ಲಿ ಎಷ್ಟು ಪಾಲು ಮುಂದಿನ ಗಿರಾಕಿಯಿಂದ ವಾಪಸು ಬರುತ್ತದೆ ಎಂಬುದು ಅಂದಿನ ಹೊಸ ಕಾರಿನ ಬೆಲೆಯನ್ನು ಅವಲಂಬಿಸಿದೆ. ಸರ್ಕಾರ ತೆರಿಗೆ ಇಳಿಸಿದ ದಿನ ಹೊಸ ಕಾರು ಅಗ್ಗವಾಗುತ್ತದೆ, ಅದರ ನೆರಳಿನಂತೆ ಹಳೆಯ ಕಾರೂ ಅಗ್ಗವಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಸೆಸ್ ರದ್ದಾಗಿ ಈ ವರ್ಗದ ಕಾರುಗಳ ಒಟ್ಟು ಜಿಎಸ್‌ಟಿ ಹೊರೆ ಶೇ 48ರಿಂದ 40ಕ್ಕೆ ಇಳಿದಾಗ, ಹಿಂದಿನ ವಾರವಷ್ಟೇ ಹಳೆಯ ಕಾರು ಕೊಂಡವರು ಕೈ ಹಿಸುಕಿಕೊಂಡರು. ಅದೇ ವರ್ಷದ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ, ಬ್ರಿಟನ್ನಿನಿಂದ ಬರುವ ನಿಗದಿತ ಸಂಖ್ಯೆಯ ಕಾರುಗಳ ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಇಳಿಸುವ ಮಾತಿದೆ. ಹಳೆಯ ಮೆಕ್‌ಲಾರೆನ್ ಅಥವಾ ಆಸ್ಟನ್ ಮಾರ್ಟಿನ್ ಕೊಳ್ಳಬೇಕೆಂದಿರುವವರು ಈ ಸಂಗತಿಯನ್ನು ಬದಿಗಿಟ್ಟು ಬೆಲೆ ಮಾತಾಡಬಾರದು. ಜರ್ಮನಿ, ಇಟಲಿಯ ಕಾರುಗಳ ಸುಂಕದ ಸುದ್ದಿಯ ಮೇಲೂ ಇಷ್ಟೇ ಕಣ್ಣಿಟ್ಟಿರಬೇಕು.

ಕರ್ನಾಟಕದಲ್ಲಿ ಕೊಳ್ಳುವವರಿಗೆ ಇನ್ನೊಂದು ಲೆಕ್ಕವಿದೆ. 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಇಲ್ಲಿ ಜೀವಿತಾವಧಿ ತೆರಿಗೆ ಶೇ 18. ಅದರ ಮೇಲಿನ ಸೆಸ್ ಸೇರಿಸಿದರೆ ಶೇ 20ರ ಹತ್ತಿರ ಬರುತ್ತದೆ. ಹಾಗಾಗಿಯೇ ತೆರಿಗೆ ಕಡಿಮೆಯಿರುವ ರಾಜ್ಯಗಳ ನೋಂದಣಿ ಫಲಕ ಹೊತ್ತ ದುಬಾರಿ ಕಾರುಗಳು ಬೆಂಗಳೂರಿನಲ್ಲಿ ಓಡಾಡುವುದು, ಹಾಗಾಗಿಯೇ ಅವು ಕೆಎ ಫಲಕದ ಕಾರಿಗಿಂತ ಅಗ್ಗಕ್ಕೆ ಸಿಗುವುದು. ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ನಿನ ಪ್ರಕಾರ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇರಿಸಿಕೊಂಡರೆ ಅಲ್ಲಿಯ ನೋಂದಣಿ ಪಡೆಯಬೇಕು. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಇಂಥ 30 ದುಬಾರಿ ಕಾರುಗಳನ್ನು ವಶಕ್ಕೆ ಪಡೆದರು, ಅವುಗಳಲ್ಲಿ ಫೆರಾರಿಯೂ ಪೋರ್ಷೆಯೂ ಇದ್ದವು. ಅದೇ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಕೆಂಪು ಫೆರಾರಿ ಎಸ್‌ಎಫ್90ರ ಮಾಲೀಕರು ಒಂದೇ ದಿನ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಹೊರರಾಜ್ಯದ ಕಾರು 15 ಲಕ್ಷ ಅಗ್ಗವೆಂದು ಕಂಡರೆ, ಕಾರಿನ ವಯಸ್ಸಿಗೆ ತಕ್ಕಂತೆ ಕಡಿತವಾದ ಬಳಿಕ ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ ತಿಳಿಯಬೇಕು, ಮೂಲ ರಾಜ್ಯದಿಂದ ಎನ್‌ಒಸಿ ತರಿಸುವ ಹೊಣೆ ಯಾರದೆಂಬುದನ್ನು ಮುಂಗಡ ಕೊಡುವ ಮುನ್ನವೇ ಬರೆಸಿಕೊಳ್ಳಬೇಕು. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ವಾಪಸು ಕೇಳಲು ಅವಕಾಶವಿದೆಯಾದರೂ, ಆ ಹಣವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವುದೇ ಮನಸ್ಸಿಗೆ ನೆಮ್ಮದಿ. ದೆಹಲಿಯ ಕಾರುಗಳು ಅಗ್ಗವಾಗಿರುವುದಕ್ಕೆ ಹಳೆಯ ವಾಹನಗಳ ಮೇಲಿನ ಅಲ್ಲಿನ ನಿರ್ಬಂಧಗಳೂ ಒಂದು ಕಾರಣ.

ಕಾರನ್ನು ನೋಡುವ ಬಗೆ

ತಪಾಸಣೆಯ ಮೊದಲ ನಿಯಮ, ಎಂಜಿನ್ ತಣ್ಣಗಿರುವಾಗ ನೋಡುವುದು. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಪರವಾಗಿ ಮೊದಲ ಹಂತದ 997 ಕ್ಯಾರೆರಾ ಎಸ್ ಒಂದನ್ನು ನೋಡಲು ಬೆಳಿಗ್ಗೆ ಹತ್ತಕ್ಕೆ ಡೀಲರೊಬ್ಬರ ನೆಲಮಾಳಿಗೆಗೆ ಹೋಗಿದ್ದೆ. ಬೆಳ್ಳಿ ಬಣ್ಣ, ತೊಳೆದು ಒರೆಸಿ ಕನ್ನಡಿಯಂತೆ ಇಟ್ಟಿದ್ದರು. 911ರ ಎಂಜಿನ್ ಇರುವುದು ಹಿಂಬದಿಯಲ್ಲಿ; ಅದರ ಮುಚ್ಚಳದ ಮೇಲೆ ಅಂಗೈ ಇಟ್ಟರೆ ಬಿಸಿ. “ಈಗಷ್ಟೇ ತೊಳೆಯೋಕೆ ಆಚೆ ತೆಗೆದಿದ್ವಿ ಸಾರ್” ಎಂದರು. ಮರುದಿನ ಹೇಳದೆ ಕೇಳದೆ ಏಳೂವರೆಗೇ ಹೋದೆವು. ವಾಚ್‌ಮನ್ ಬಿಟ್ಟು ಯಾರೂ ಇರಲಿಲ್ಲ, ಕೀ ಬರುವವರೆಗೆ ಹೊರಗೆ ಕಾಫಿ ಕುಡಿದು ಕಾದೆವು. ಸ್ಟಾರ್ಟ್ ಮಾಡಿದಾಗ ಒಂದೆರಡು ಕ್ಷಣ ನೀಲಿ ಹೊಗೆ ಬಂತು. ಸಿಲಿಂಡರುಗಳು ಮಲಗಿಕೊಂಡಿರುವ ಈ ಎಂಜಿನ್ನಿನಲ್ಲಿ ರಾತ್ರಿಯೆಲ್ಲ ಸ್ವಲ್ಪ ಆಯಿಲ್ ಇಳಿದು ನಿಲ್ಲುವುದರಿಂದ ಅದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಎಂಜಿನ್ ಬಿಸಿಯಾದ ಮೇಲೆ ಒಂದು ಬದಿಯಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿಸತೊಡಗಿತು, ಅದೇ ಬದಿಯ ಸೈಲೆನ್ಸರ್ ಕೊಳವೆಯೊಳಗೆ ಬೆರಳಾಡಿಸಿದರೆ ಜಿಡ್ಡು ಜಿಡ್ಡಾದ ಕರಿಮಸಿ, ಇನ್ನೊಂದು ಬದಿಯಲ್ಲಿ ಬರೀ ಒಣ ಬೂದಿ. ಒಂದು ಗಂಟೆ ವಾದಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಣ್ಣ ಕ್ಯಾಮೆರಾ ಇಳಿಸಲು ಒಪ್ಪಿದರು. ಆರನೆಯ ಸಿಲಿಂಡರಿನ ಗೋಡೆಯ ಮೇಲೆ ಉಗುರಿನಿಂದ ಪರಚಿದಂತೆ ಉದ್ದುದ್ದ ಗೆರೆಗಳು. ಡೀಲರು ಅಲ್ಲೇ ಆರು ಲಕ್ಷ ಇಳಿಸಿದರು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಸಿಲಿಂಡರುಗಳ ಒಳಗೋಡೆಗೆ ಹೊಸ ಸ್ಲೀವ್ ಹಾಕಿಸುವ ಖರ್ಚಿನ ಮುಂದೆ ಆ ಆರು ಲಕ್ಷ ಏನೂ ಅಲ್ಲವಾದ್ದರಿಂದ ಗೆಳೆಯರು ಕೈಬಿಟ್ಟರು.

ಎರಡನೆಯ ಕೆಲಸ, ಕಂಪನಿಯ ಕಂಪ್ಯೂಟರನ್ನು ಎಂಜಿನ್ನಿನ ನಿಯಂತ್ರಕಕ್ಕೆ ಜೋಡಿಸಿ ಅದರೊಳಗಿನ ದಾಖಲೆಯನ್ನು ಓದಿಸುವುದು. ಇದಕ್ಕೆ ಅಧಿಕೃತ ಸರ್ವಿಸ್ ಕೇಂದ್ರ ಅಥವಾ ಪೋರ್ಷೆ ಕಾರುಗಳಲ್ಲೇ ಪಳಗಿದ ಗ್ಯಾರೇಜು ಬೇಕು. ಅಲ್ಲಿ ಎರಡು ಸಂಗತಿ ನೋಡಬೇಕು. ಮೊದಲನೆಯದು ಎಂಜಿನ್ ಓಡಿದ ಒಟ್ಟು ಗಂಟೆಗಳು. ಓಡೊಮೀಟರಿನ ಕಿಲೋಮೀಟರನ್ನು ಈ ಗಂಟೆಗಳಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. 30,000 ಕಿ.ಮೀ. ಮತ್ತು 1,200 ಗಂಟೆ ಇದ್ದರೆ ಗಂಟೆಗೆ 25 ಕಿ.ಮೀ. ಆಯಿತು, ಬೆಂಗಳೂರಿನ ಕಾರಿಗೆ ಅದು ಸಹಜವಾದ ಸಂಖ್ಯೆ. ಮೀಟರು 18,000 ಎಂದು ತೋರಿಸುತ್ತ ಗಂಟೆಗಳು 1,800 ಇದ್ದರೆ ಸರಾಸರಿ 10ಕ್ಕೆ ಇಳಿಯುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಬಾಳಿ ಬದುಕಿದ ಕಾರಿಗೂ ಅದು ಕಷ್ಟ. ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು. ಎರಡನೆಯದು, ಎಂಜಿನ್ ತನ್ನ ಮಿತಿ ಮೀರಿ ತಿರುಗಿದ ಸಂದರ್ಭಗಳ ಎಣಿಕೆ. ಮ್ಯಾನುಯಲ್ ಗೇರಿನಲ್ಲಿ ಐದಕ್ಕೆ ಹಾಕುವ ಬದಲು ಮೂರಕ್ಕೆ ಎಳೆದುಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ಮಿತಿ ದಾಟಿಸಿ ತಿರುಗಿಸುತ್ತವೆ, ಆಗ ಯಾವ ರಕ್ಷಣೆಯೂ ಕೆಲಸಕ್ಕೆ ಬರುವುದಿಲ್ಲ. ಈ ಎಣಿಕೆಯನ್ನು ಹಳೆಯ ಕಾರುಗಳು ಎರಡು ಮಟ್ಟಗಳಲ್ಲಿಯೂ, 997ರ ಎರಡನೆಯ ಹಂತದಿಂದ ಈಚಿನವು ಆರು ಮಟ್ಟಗಳಲ್ಲಿಯೂ ಬರೆದಿಡುತ್ತವೆ. ಕೆಳಗಿನ ಮಟ್ಟಗಳಲ್ಲಿ ಎಣಿಕೆ ಇದ್ದರೆ ಚಿಂತೆಯಿಲ್ಲ; ಮೇಲಿನ ಮೂರರಲ್ಲಿ ಇದ್ದರೆ, ಅದು ಎಷ್ಟನೆಯ ಗಂಟೆಯಲ್ಲಿ ಆದದ್ದೆಂದು ನೋಡಬೇಕು. ಆ ಬಳಿಕ ನೂರಾರು ಗಂಟೆ ತೊಂದರೆಯಿಲ್ಲದೆ ಓಡಿದ್ದರೆ ಎಂಜಿನ್ ಬದುಕುಳಿದಿದೆ ಎಂದುಕೊಳ್ಳಬಹುದು, ಕಳೆದ ತಿಂಗಳ ಘಟನೆಯಾದರೆ ಬೇರೆ ಕಾರು ನೋಡುವುದೇ ಲೇಸು.

ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಎರವಲು ತಂದಾದರೂ ಒಯ್ಯಬೇಕು. ಕಂಪನಿಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಬಾಗಿಲು ಮಾತ್ರ 300 ತೋರಿಸಿದರೆ ಅದನ್ನು ಮತ್ತೆ ಬಣ್ಣ ಹೊಡೆಸಿದ್ದಾರೆ ಎಂದರ್ಥ. ಮೇಲೆ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸಿದ್ದರೆ ಅದರ ದಪ್ಪವೂ ಸೇರಿಕೊಳ್ಳುವುದನ್ನು ಮರೆಯಬಾರದು. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗೀರು ಎಷ್ಟೇ ಉಳಿದಿದ್ದರೂ ಆರು ವರ್ಷ ದಾಟಿದ ಟೈರನ್ನು ಬದಲಿಸುವ ಖರ್ಚೆಂದೇ ಎಣಿಸಬೇಕು. ಬ್ರೇಕಿನ ಕ್ಯಾಲಿಪರ್ ಹಳದಿಯಾಗಿದ್ದರೆ ಡಿಸ್ಕ್ ಸೆರಾಮಿಕ್‌ನದು. ಅದರ ಸವಕಳಿ ದಪ್ಪದಲ್ಲಿ ತಿಳಿಯುವುದಿಲ್ಲ, ತೂಕದಲ್ಲಿ ತಿಳಿಯುತ್ತದೆ. ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ನಾಲ್ಕೂ ಡಿಸ್ಕ್ ಬದಲಿಸುವ ಪರಿಸ್ಥಿತಿ ಬಂದರೆ ಆ ಹಣಕ್ಕೆ ಮನೆಗೊಂದು ಒಳ್ಳೆಯ ಕಾರೇ ಬರುತ್ತದೆ.

ನೀರಿನಲ್ಲಿ ಮುಳುಗಿದ ಕಾರಿನ ಬಗ್ಗೆ ವಿಶೇಷ ಎಚ್ಚರ ಬೇಕು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಸಿರಿವಂತರ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳು ಕಿಟಕಿಯ ಮಟ್ಟಕ್ಕೆ ನೀರಿನಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ, 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ ಅದೇ ಆಯಿತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಅದರ ಬುಡದಲ್ಲಿ ಕೆಸರಿನ ಗೆರೆ ಇದೆಯೇ ನೋಡಬೇಕು, ನೆಲದ ಹಾಸನ್ನು ಎತ್ತಿ ಮೂಸಬೇಕು, ಸೀಟಿನ ಬೋಲ್ಟುಗಳಲ್ಲಿ ತುಕ್ಕು ಹುಡುಕಬೇಕು. 996ರಲ್ಲಿ ಕಾರಿನ ಕಳವು ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೀಟಿನ ಕೆಳಗೇ ಇರುವುದರಿಂದ ಒಂದು ಬಕೆಟ್ ನೀರು ಒಳಗೆ ನಿಂತರೂ ಅದು ಕೆಡುತ್ತದೆ.

ದಾಖಲೆಗಳ ಫೈಲು ದಪ್ಪವಾಗಿದ್ದಷ್ಟೂ ಒಳ್ಳೆಯದು. 2014ರಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲಗೊಂಡು ಎರಡು 991 ಜಿಟಿ3 ಕಾರುಗಳಿಗೆ ಬೆಂಕಿ ಹತ್ತಿದಾಗ ಪೋರ್ಷೆ ಜಗತ್ತಿನಾದ್ಯಂತ 785 ಕಾರುಗಳ ಎಂಜಿನ್ನನ್ನೇ ಬದಲಾಯಿಸಿಕೊಟ್ಟಿತು. ಅಂಥ ಕಾರಿಗೆ ಎಂಜಿನ್ ಬದಲಾದ ಪತ್ರವೇ ಆಸ್ತಿ. ಪತ್ರವಿಲ್ಲದೆ ಎಂಜಿನ್ ನಂಬರು ಆರ್‌ಸಿಗೆ ಹೊಂದದಿದ್ದರೆ ಅದೇ ಸಂಗತಿ ತಲೆನೋವು.

ಇಟ್ಟುಕೊಳ್ಳುವ ಖರ್ಚು

ಬೆಲೆ ಎಷ್ಟು ಇಳಿಯುತ್ತದೆಂದು ಮಾತ್ರ ಲೆಕ್ಕ ಹಾಕುವವರು ಅರ್ಧ ಲೆಕ್ಕ ಹಾಕಿದಂತೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 1.2 ಕೋಟಿಗೆ ಕೊಂಡ ಕಾರನ್ನು ನಾಲ್ಕು ವರ್ಷ ಇಟ್ಟುಕೊಂಡು 90 ಲಕ್ಷಕ್ಕೆ ಮಾರಿದರೆ ನಷ್ಟ 30 ಲಕ್ಷ. ಅದೇ ಹಣ ಬ್ಯಾಂಕಿನ ಠೇವಣಿಯಲ್ಲಿ ಶೇ 7ರ ಸರಳ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ 8.4 ಲಕ್ಷದಂತೆ 33.6 ಲಕ್ಷ ಬರುತ್ತಿತ್ತು. ವಿಮೆಗೆ ವರ್ಷಕ್ಕೆ 2 ಲಕ್ಷ, ಸರ್ವಿಸ್ ಮತ್ತು ಟೈರಿಗೆ 3 ಲಕ್ಷ ಹಿಡಿದರೆ ಇನ್ನೂ 20 ಲಕ್ಷ. ಒಟ್ಟು 83.6 ಲಕ್ಷ. ವರ್ಷಕ್ಕೆ 4,000 ಕಿ.ಮೀ. ಓಡಿಸಿದರೆ ಪ್ರತಿ ಕಿಲೋಮೀಟರಿಗೆ 522 ರೂಪಾಯಿ ಬಿದ್ದಂತಾಯಿತು, ಪೆಟ್ರೋಲ್ ಬೇರೆ. ಇದನ್ನು ಮನೆಯವರಿಗೆ ತೋರಿಸಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ಆದರೆ ಲೆಕ್ಕದಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ: ಕಾರಿನ ಬೆಲೆ ಒಂದು ರೂಪಾಯಿಯೂ ಇಳಿಯದಿದ್ದರೂ ಖರ್ಚಿನ ಅರ್ಧಕ್ಕಿಂತ ಹೆಚ್ಚು ಪಾಲು ಹಾಗೆಯೇ ಉಳಿಯುತ್ತದೆ. ಹಾಗಾಗಿ ಸ್ಪೋರ್ಟ್ಸ್ ಕಾರನ್ನು ಹೂಡಿಕೆಯೆಂದು ಕರೆಯುವ ಮಾರಾಟಗಾರರ ಮಾತಿಗೆ ಕಿವಿಗೊಡದಿರುವುದು ಕ್ಷೇಮ.

ಬೆಲೆ ಉಳಿಯಬೇಕೆಂದು ಕಾರನ್ನು ಓಡಿಸದೆ ಹೊದಿಕೆ ಹಾಕಿಡುವುದೂ ಜಾಣತನವಲ್ಲ. ನಿಂತ ಕಾರಿನ ಬ್ಯಾಟರಿ ಸಾಯುತ್ತದೆ, ರಬ್ಬರಿನ ಸೀಲುಗಳು ಒಣಗುತ್ತವೆ, ಟೈರು ಒಂದು ಕಡೆ ಚಪ್ಪಟೆಯಾಗುತ್ತದೆ. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ಕಡೆಗೆ ಹೋಗಿ ಬರುವಷ್ಟಾದರೂ ಓಡಿಸಿದ, ಕಿಲೋಮೀಟರು ಕಡಿಮೆಯಿದ್ದರೂ ವರ್ಷಕ್ಕೊಮ್ಮೆ ತಪ್ಪದೆ ಆಯಿಲ್ ಬದಲಿಸಿದ ಕಾರಿಗೆ ಬಲ್ಲ ಗಿರಾಕಿ ಹೆಚ್ಚು ಕೊಡುತ್ತಾನೆ. ಸೈಲೆನ್ಸರು, ಚಕ್ರ, ಸ್ಟೀರಿಂಗ್ ಇವುಗಳನ್ನು ಬದಲಾಯಿಸುವುದಾದರೆ ಮೂಲ ಭಾಗಗಳನ್ನು ಅಟ್ಟದ ಮೇಲೆ ಜೋಪಾನವಾಗಿ ಇಡಬೇಕು. ನಮ್ಮ ರಸ್ತೆಯ ಹಂಪುಗಳ ದೆಸೆಯಿಂದ, ಗುಂಡಿಯೊತ್ತಿದರೆ ಮೂತಿ ಎತ್ತುವ ಸೌಲಭ್ಯವಿರುವ ಕಾರು ಇಲ್ಲಿ ಬೇಗ ಮಾರಾಟವಾಗುತ್ತದೆ. ವಿದ್ಯುತ್ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಮರುಮಾರಾಟದ ಆಸೆ ಇಟ್ಟುಕೊಳ್ಳಬಾರದು; ಪೋರ್ಷೆಯದೇ ಟೈಕಾನ್ ಬೆಲೆ ಬಿದ್ದ ವೇಗ ಅದರ ಓಟದ ವೇಗಕ್ಕೆ ಕಡಿಮೆಯೇನಿಲ್ಲ.

ಮಾಲೀಕರಿಂದ ನೇರವಾಗಿ ಕೊಂಡರೆ ಅಗ್ಗವಾಗುವುದಕ್ಕೆ ಒಂದು ಕಾರಣ, ಡೀಲರು ತನ್ನ ಲಾಭಾಂಶದ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕಿರುವುದು. ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಮಾರಾಟಕ್ಕೆ ಅದು ಇಲ್ಲ. ವ್ಯವಹಾರ ಮುಗಿಸುವಾಗ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಆಗಬೇಕು, ಸಾಲವಿದ್ದರೆ ಅದು ತೀರಿತೆಂದು ಬ್ಯಾಂಕಿನಿಂದ ನಮೂನೆ 35 ಬರಬೇಕು, ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಹಣ ಕಳಿಸುವ ಮುನ್ನ ಮುಂದಿನ ಡಿಕ್ಕಿಯನ್ನು ತೆರೆದು ಟೂಲ್ ಚೀಲದಲ್ಲಿ ಚಕ್ರದ ಬೀಗದ ಬೋಲ್ಟು ಬಿಚ್ಚುವ ಸಣ್ಣ ಸಾಕೆಟ್ ಇದೆಯೇ ಎಂದು ಕೈಯಾರೆ ಮುಟ್ಟಿ ನೋಡಿ. ಅದಿಲ್ಲದ ಕಾರಿನ ಚಕ್ರವನ್ನು ಊರಿನ ಯಾವ ಪಂಕ್ಚರ್ ಅಂಗಡಿಯವನೂ ಬಿಚ್ಚಿಕೊಡಲಾರ.